ವರ್ಣಗಳ ವೈದ್ಯ ಪಾಲ್ ಎರ್ಲಿಕ್

ಚಿತ್ರದುರ್ಗ ಜಿಲ್ಲೆ ಕಲ್ಲುಬೆಟ್ಟಗಳ ನಾಡು. ಚಿತ್ರದುರ್ಗಕ್ಕೆ ಸಮೀಪದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಅದಿರನ್ನು ಅಗೆದು ತೆಗೆಯುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗಗಳ ಬೆಟ್ಟಸಾಲುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳಿವೆ. ಹಿರಿಯೂರಿನ ಕಡೆ ವಾಣೀವಿಲಾಸ ಸಾಗರದ ನೀರನ್ನು ನೆಚ್ಚಿದ ಹೊಲತೋಟಗಳಿವೆ. ಈ ಊರುಗಳಲ್ಲಿ ಒಬ್ಬನಿಗೆ ಹಿಡಿದ ಕೆಮ್ಮು ವಾರಗಟ್ಟಲೆ ಬಿಡದೆ ಹೋದರೆ ಅದಕ್ಕೆ ಕಾರಣವೇನಿರಬಹುದು? ಕಲ್ಲು ಒಡೆಯುವವನ ಶ್ವಾಸಕೋಶದಲ್ಲಿ ಧೂಳು ನೆಲೆಗೊಂಡಿರಬಹುದು. ಬೂಷ್ಟು ಹಿಡಿದ ಹುಲ್ಲನ್ನು ಕೊಡವುವ ರೈತನಿಗೆ ಆ ಬೂಷ್ಟಿನ ಕಣಗಳೇ ಒಗ್ಗದೆ ಹೋಗಿರಬಹುದು. ಕ್ಷಯದ ರೋಗಾಣು ಎದೆಯನ್ನು ಹೊಕ್ಕಿರಬಹುದು. ಕೇಳುವ ಕಿವಿಗೆ ಎಲ್ಲ ಕೆಮ್ಮೂ ಒಂದೇ ಬಗೆ. ಆದರೆ ಒಂದು ರೋಗಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಕೆಲವೊಮ್ಮೆ ಕೇಡನ್ನೂ ಮಾಡುತ್ತದೆ.

ಆದುದರಿಂದ ರೋಗ ಯಾವುದೆಂದು ನಿರ್ಧರಿಸಲು ವೈದ್ಯರು ಶ್ವಾಸಕೋಶದಿಂದ ಬಂದ ದ್ರವವನ್ನು ಪರೀಕ್ಷಿಸುತ್ತಾರೆ. ಕಫವನ್ನು ಗಾಜಿನ ಪಟ್ಟಿಕೆಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪದ್ಧತಿ ತಾಲ್ಲೂಕು ಆಸ್ಪತ್ರೆಗಳವರೆಗೂ ಹಬ್ಬಿದೆ. ಈ ಕೆಲಸದಲ್ಲಿ ಬಣ್ಣದ ಪಾತ್ರ ಬಹಳ ದೊಡ್ಡದು. ಬಣ್ಣವಿಲ್ಲದ ಜೀವಕೋಶ ನೀರಿನಲ್ಲಿ ಬಿದ್ದ ಗಾಜಿನ ಚೂರಿನಂತೆ ಕಣ್ಣಿಗೆ ಕಾಣದೆ ಜಾರಿಕೊಳ್ಳುತ್ತದೆ. ಯಾವ ಬಣ್ಣವನ್ನು ಯಾವ ಕೋಶ ಹೀರುತ್ತದೆ ಎಂಬುದನ್ನು ಕಂಡುಹಿಡಿದು, ಕೋಶಗಳನ್ನು ಒಂದೊಂದಾಗಿ ಗುರುತಿಸುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯನಾದವನು ಜರ್ಮನಿಯ ಪಾಲ್ ಎರ್ಲಿಕ್. ಆ ವಿದ್ಯೆಯೇ ಮುಂದೊಂದು ದಿನ ಅವನ ಸ್ವಂತ ಎದೆಯೊಳಗಿನ ಅಪಾಯವನ್ನು ಅವನಿಗೆ ತೋರಿಸಿಕೊಟ್ಟಿತು.

ಪಾಲ್ ಎರ್ಲಿಕ್ 1854ನೆಯ ಇಸವಿ ಮಾರ್ಚ್ 14ರಂದು ಸೈಲೀಷಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ಆಗ ಜರ್ಮನರ ಆಳ್ವಿಕೆಯಲ್ಲಿದ್ದ ಆ ಊರು ಇಂದು ಪೋಲೆಂಡ್ ದೇಶಕ್ಕೆ ಸೇರಿದೆ. ಎರ್ಲಿಕ್‌ನ ಮನೆಯವರು ಯೆಹೂದ್ಯರು. ತಾಯಿಯ ತವರಿನ ಬಂಧುವಾದ ಕಾರ್ಲ್ ವೈಗರ್ಟ್ ಪಾಲನಿಗಿಂತ ಒಂಬತ್ತು ವರ್ಷ ದೊಡ್ಡವನು. ಅವನು ವೈದ್ಯಶಾಸ್ತ್ರವನ್ನು ಓದಿ, ಜೀವಕೋಶಗಳಿಗೆ ಬಣ್ಣ ಹಾಕಿ ನೋಡುವ ಪ್ರಯೋಗಗಳಲ್ಲಿ ತೊಡಗಿದ್ದನು. ಆ ಕಾಲದಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಬಗೆಬಗೆಯ ಕೃತಕ ಬಣ್ಣಗಳನ್ನು ತಯಾರಿಸುವ ಕಾರ್ಖಾನೆಗಳು ಜರ್ಮನಿಯಲ್ಲಿ ಬೆಳೆಯುತ್ತಿದ್ದವು. ಬಟ್ಟೆಗೆಂದು ಮಾಡಿದ ಆ ಬಣ್ಣಗಳು ಹುಡುಗ ಪಾಲನ ಮನಸ್ಸನ್ನು ವೈಗರ್ಟ್‌ನ ಮೂಲಕ ಸೆರೆಹಿಡಿದವು.

ಶಾಲೆಯಲ್ಲಿ ಪಾಲ್ ಹೇಳಿಕೊಳ್ಳುವಂತಹ ವಿದ್ಯಾರ್ಥಿಯಾಗಿರಲಿಲ್ಲ. ಲ್ಯಾಟಿನ್ ಮತ್ತು ಗಣಿತ ಅವನಿಗೆ ಪ್ರಿಯವಾಗಿದ್ದವು. ಪ್ರಬಂಧ ಬರೆಯುವುದೆಂದರೆ ಕಷ್ಟ. ಪರೀಕ್ಷೆಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಜೀವನವು ಒಂದು ಕನಸು ಎಂಬ ವಿಷಯವನ್ನು ಕುರಿತು ಬರೆಯಲು ಹೇಳಿದಾಗ, ಜೀವನವೆಂಬುದು ದೇಹದೊಳಗೆ ನಡೆಯುವ ಉತ್ಕರ್ಷಣ ಕ್ರಿಯೆ, ಕನಸೆಂಬುದು ಮಿದುಳಿನ ಒಂದು ಬಗೆಯ ಮಿನುಗು ಎಂದು ಬರೆದು ಅವನು ಉಪಾಧ್ಯಾಯರ ಅಸಮಾಧಾನಕ್ಕೆ ಗುರಿಯಾದನೆಂದು ಹೇಳುತ್ತಾರೆ. ಉಳಿದವರು ಕಾವ್ಯವನ್ನು ಕಂಡ ಕಡೆ ಆ ಹುಡುಗನಿಗೆ ರಸಾಯನಶಾಸ್ತ್ರ ಕಾಣುತ್ತಿತ್ತು.

ಮುಂದೆ ಅವನು ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದನು. ಇತರ ವಿದ್ಯಾರ್ಥಿಗಳು ಪಾಠಗಳನ್ನು ಉರುಹೊಡೆಯುತ್ತಿದ್ದಾಗ ಇವನು ತನ್ನ ಮೇಜಿನ ಮುಂದೆ ಕುಳಿತು ಅಂಗಾಂಶದ ತೆಳುಪದರಗಳಿಗೆ ಕೆಂಪು, ನೀಲಿ, ನೇರಿಳೆ ಬಣ್ಣಗಳನ್ನು ಹಾಕುತ್ತಿದ್ದನು. ಮೇಜಿನ ಮೇಲೆಲ್ಲ ಬಣ್ಣದ ಕಲೆಗಳು. ಬ್ರೆಸ್ಲಾವಿಗೆ ಬಂದಿದ್ದ ರಾಬರ್ಟ್ ಕಾಖ್‌ನಿಗೆ ಈ ತರುಣನನ್ನು ತೋರಿಸಿದವರು, ಬಣ್ಣ ಹಾಕುವುದರಲ್ಲಿ ಇವನು ಬಲು ಜಾಣ, ಆದರೆ ಪರೀಕ್ಷೆಯಲ್ಲಿ ಮಾತ್ರ ಎಂದಿಗೂ ತೇರ್ಗಡೆಯಾಗಲಾರ ಎಂದು ನಗುತ್ತ ಪರಿಚಯಿಸಿದರಂತೆ. ಎರ್ಲಿಕ್ ತೇರ್ಗಡೆಯಾದನು. 1878ರಲ್ಲಿ ಅವನು ವೈದ್ಯ ಪದವಿಗೆ ಬರೆದ ಪ್ರೌಢಪ್ರಬಂಧದ ವಿಷಯವೂ ಬಣ್ಣ ಹಾಕುವ ವಿಧಾನಗಳೇ ಆಗಿತ್ತು. ಮಾಸ್ಟ್ ಕೋಶವೆಂದು ಇಂದು ಪ್ರಸಿದ್ಧವಾಗಿರುವ ಕೋಶವನ್ನು ಅವನು ವಿವರಿಸಿ ಹೆಸರಿಸಿದ್ದು ಆ ಪ್ರಬಂಧದಲ್ಲಿಯೇ.

ಅದೇ ವರ್ಷ ಎರ್ಲಿಕ್ ಬರ್ಲಿನ್ ನಗರದ ಶಾರಿಟೆ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕ ಫ್ರೆರಿಕ್ಸ್‌ನ ಕೈಕೆಳಗೆ ಕೆಲಸಕ್ಕೆ ಸೇರಿದನು. ಫ್ರೆರಿಕ್ಸ್ ಗುಣವನ್ನು ಅರಿಯಬಲ್ಲವನು. ತರುಣ ವೈದ್ಯನಿಗೆ ಸಂಶೋಧನೆ ಮಾಡಲು ಬೇಕಾದ ಬಿಡುವನ್ನೂ ಸ್ವಾತಂತ್ರ್ಯವನ್ನೂ ಅವನು ಕೊಟ್ಟನು. ಅಲ್ಲಿ ಎರ್ಲಿಕ್ ರಕ್ತದ ಪರೀಕ್ಷೆಗೆ ಕೈಹಾಕಿದನು. ರಕ್ತದ ಬಿಳಿಯ ಕೋಶಗಳಲ್ಲಿ ಹಲವು ಬಗೆಗಳಿವೆಯೆಂದು ಸಂಶಯವಿತ್ತಾದರೂ ಅವುಗಳನ್ನು ಖಚಿತವಾಗಿ ವಿಂಗಡಿಸುವ ದಾರಿ ತಿಳಿದಿರಲಿಲ್ಲ. ಎರ್ಲಿಕ್ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಒಣಗಿಸಿ, ಹದವಾಗಿ ಕಾಯಿಸಿ, ಬಳಿಕ ಬಣ್ಣ ಹಾಕಿದನು. ಬಣ್ಣಗಳನ್ನು ಆಮ್ಲ ಗುಣದವು, ಪ್ರತ್ಯಾಮ್ಲ ಗುಣದವು, ತಟಸ್ಥವಾದವು ಎಂದು ವಿಂಗಡಿಸಿದನು. ಒಂದೊಂದು ಬಗೆಯ ಕೋಶ ಒಂದೊಂದು ಬಗೆಯ ಬಣ್ಣವನ್ನು ಆರಿಸಿಕೊಳ್ಳುವುದು ಆಗ ಸ್ಪಷ್ಟವಾಯಿತು. ಗ್ರೀಕರ ಉಷಾದೇವಿಯ ಹೆಸರಿನಿಂದ ಬಂದ ಇಯೋಸಿನ್ ಎಂಬ ಕೆಂಬಣ್ಣವನ್ನು ತನ್ನ ಕಣಗಳಲ್ಲಿ ತುಂಬಿಕೊಂಡು ಹೊಳೆದ ಕೋಶಕ್ಕೆ 1879ರಲ್ಲಿ ಅವನು ಇಯೋಸಿನೊಫಿಲ್ ಎಂಬ ಹೆಸರನ್ನಿತ್ತನು. ತಟಸ್ಥ ಬಣ್ಣವನ್ನು ಹಿಡಿಯುವ ಕೋಶ ನ್ಯೂಟ್ರೊಫಿಲ್ ಎನಿಸಿತು. ಗುಂಪಾಗಿ ಕಾಣುತ್ತಿದ್ದ ಬಿಳಿಯ ಕೋಶಗಳು ಹೀಗೆ ಒಂದೊಂದೂ ತನ್ನ ಗುರುತನ್ನು ಪಡೆದವು. ಅವುಗಳನ್ನು ಎಣಿಸಿ, ಯಾವುದು ಹೆಚ್ಚಿದೆ, ಯಾವುದು ಕಡಿಮೆಯಾಗಿದೆ ಎಂದು ನೋಡಿ ರೋಗವನ್ನು ಊಹಿಸುವುದು ಸಾಧ್ಯವಾಯಿತು.

1882ನೆಯ ಇಸವಿ ಮಾರ್ಚ್ 24ರ ಸಂಜೆ ಬರ್ಲಿನ್ನಿನಲ್ಲಿ ನಡೆದ ಒಂದು ಸಭೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಚ್ಚಳಿಯದೆ ಉಳಿದಿದೆ. ಅಂದು ರಾಬರ್ಟ್ ಕಾಖ್ ಕ್ಷಯರೋಗಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದುದನ್ನು ಪ್ರಕಟಿಸಿದನು. ಸಾಯುವ ಮನುಷ್ಯರಲ್ಲಿ ಏಳರಲ್ಲೊಬ್ಬನು ಕ್ಷಯದಿಂದ ಸಾಯುತ್ತಾನೆಂದು ಆ ಸಭೆಯಲ್ಲಿ ಅವನು ನೆನಪಿಸಿದನು. ಕೇಳಿದವರಲ್ಲಿ ಎರ್ಲಿಕ್ ಒಬ್ಬನು. ಆ ಸಂಜೆಯನ್ನು ಅವನು ತನ್ನ ವೈಜ್ಞಾನಿಕ ಜೀವನದ ಅತಿ ದೊಡ್ಡ ಅನುಭವವೆಂದು ಮುಂದೆ ನೆನೆಯುತ್ತಿದ್ದನು. ಆದರೆ ಕಾಖ್‌ನ ವಿಧಾನದಲ್ಲಿ ರೋಗಾಣುವಿಗೆ ಬಣ್ಣ ಹಿಡಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಎರ್ಲಿಕ್ ಕೂಡಲೆ ಇದಕ್ಕಿಂತ ಸುಲಭವಾದ ವಿಧಾನವನ್ನು ಹುಡುಕಲು ತೊಡಗಿದನು. ಬಣ್ಣ ಹಾಕಿದ ಗಾಜುಗಳನ್ನು ಒಣಗಲೆಂದು ಆರಿದ ಒಲೆಯ ಮೇಲಿಟ್ಟಿದ್ದಾಗ ಯಾರೋ ತಿಳಿಯದೆ ಒಲೆಯನ್ನು ಹೊತ್ತಿಸಿದರೆಂದೂ, ಹಾಳಾಗಿರಬೇಕೆಂದು ಎತ್ತಿ ನೋಡಿದರೆ ರೋಗಾಣುಗಳು ಹಿಂದೆಂದೂ ಕಾಣದಷ್ಟು ಸ್ಫುಟವಾಗಿ ಕಂಡವೆಂದೂ ಒಂದು ಕಥೆಯಿದೆ.

ಅದು ಹೇಗಿದ್ದರೂ, ಎರ್ಲಿಕ್ ಕಂಡುಕೊಂಡ ತತ್ತ್ವ ಮುಖ್ಯವಾದುದು. ಕ್ಷಯಾಣುವಿನ ಮೈಮೇಲೆ ಮೇಣದಂತಹ ಹೊದಿಕೆಯಿದೆ. ಅದು ಬಣ್ಣವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಒಮ್ಮೆ ಒಳಗೆ ಬಿಟ್ಟರೆ ಆಮ್ಲದಿಂದ ತೊಳೆದರೂ ಬಿಟ್ಟುಕೊಡುವುದಿಲ್ಲ. ಆಮ್ಲದ ತೊಳೆತಕ್ಕೆ ಉಳಿದೆಲ್ಲದರ ಬಣ್ಣ ಹೋಗಿ ಕ್ಷಯಾಣು ಮಾತ್ರ ಬಣ್ಣವನ್ನುಳಿಸಿಕೊಂಡು ನಿಲ್ಲುತ್ತದೆ. ಈ ವಿಧಾನ ತನ್ನದಕ್ಕಿಂತ ಮೇಲೆಂದು ಕಾಖ್ ಮನಃಪೂರ್ವಕವಾಗಿ ಒಪ್ಪಿಕೊಂಡನು. ಬಳಿಕ ತ್ಸೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಅದನ್ನು ಇನ್ನಷ್ಟು ತಿದ್ದಿದರು. ಅವರ ಹೆಸರಿನ ಪರೀಕ್ಷೆ ಒಂದು ನೂರು ವರ್ಷಕ್ಕೂ ಮಿಕ್ಕಿ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆದುಬಂದಿದೆ. ನೀಲಿಯ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುವ ಕ್ಷಯಾಣುಗಳನ್ನು ನೋಡಿದ ಪ್ರತಿಯೊಬ್ಬನೂ ಎರ್ಲಿಕ್‌ನಿಗೆ ಋಣಿ.

1883ರಲ್ಲಿ ಎರ್ಲಿಕ್ ಹೆಡ್ವಿಗ್ ಪಿಂಕಸ್ ಎಂಬವಳನ್ನು ವಿವಾಹವಾದನು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಆದರೆ ಸುಖದ ದಿನಗಳು ಬಹುಕಾಲ ನಿಲ್ಲಲಿಲ್ಲ. 1885ರಲ್ಲಿ ಫ್ರೆರಿಕ್ಸ್ ಮರಣ ಹೊಂದಿದನು. ಅವನ ಸ್ಥಾನಕ್ಕೆ ಬಂದ ಪ್ರಾಧ್ಯಾಪಕನು ಎರ್ಲಿಕ್‌ನ ಸಂಶೋಧನೆಗೆ ಮೊದಲಿನ ಸ್ವಾತಂತ್ರ್ಯವನ್ನು ಕೊಡಲಿಲ್ಲ. ಇದೇ ಹೊತ್ತಿನಲ್ಲಿ ಎರ್ಲಿಕ್‌ನ ಆರೋಗ್ಯವೂ ಕುಗ್ಗಿತು. ಕೆಮ್ಮು ಬಿಡದಾಯಿತು. 1888ರಲ್ಲಿ ಅವನು ಎಷ್ಟೋ ರೋಗಿಗಳಿಗೆ ಮಾಡಿದ ಪರೀಕ್ಷೆಯನ್ನು ತನಗೆ ತಾನೇ ಮಾಡಿಕೊಂಡನು. ತನ್ನ ಕಫವನ್ನು ಗಾಜಿನ ಮೇಲೆ ಸವರಿ, ತಾನೇ ರೂಪಿಸಿದ ವಿಧಾನದಿಂದ ಬಣ್ಣ ಹಾಕಿ, ಆಮ್ಲದಿಂದ ತೊಳೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟನು. ಕ್ಷಯಾಣುಗಳು ಅಲ್ಲಿದ್ದವು.

ಅಂದಿನ ದಿನಗಳಲ್ಲಿ ಕ್ಷಯಕ್ಕೆ ಔಷಧಿಯಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ದೊರೆತದ್ದು 1943ರಲ್ಲಿ, ಅಂದರೆ ಇನ್ನೂ ಐವತ್ತೈದು ವರ್ಷಗಳ ಮೇಲೆ. ವಿಶ್ರಾಂತಿ, ಒಳ್ಳೆಯ ಆಹಾರ, ಒಣಗಾಳಿ ಇವೇ ರೋಗಿಯ ಪಾಲಿನ ಆಧಾರ. ಎರ್ಲಿಕ್‌ನಿಗೆ ಆಗ ಮೂವತ್ತನಾಲ್ಕು ವರ್ಷ. ಹೆಂಡತಿ ತರುಣಿ, ಮಕ್ಕಳು ಎಳೆಯರು. ಆದರೂ ರೋಗ ಯಾವುದೆಂದು ತಿಳಿದುದರಿಂದ ಏನು ಮಾಡಬೇಕೆಂಬುದೂ ತಿಳಿಯಿತು. ಕೆಲಸವನ್ನು ಬಿಟ್ಟು ಅವನು ಹೆಂಡತಿಯೊಡನೆ ಈಜಿಪ್ಟಿನ ಒಣಹವೆಯನ್ನು ಅರಸಿ ಹೊರಟನು. 1889ರಲ್ಲಿ ಚೇತರಿಸಿಕೊಂಡು ಬರ್ಲಿನ್ನಿಗೆ ಮರಳಿದಾಗ ಅವನಿಗೆ ಯಾವ ಹುದ್ದೆಯೂ ಇರಲಿಲ್ಲ. ಸಣ್ಣದೊಂದು ಖಾಸಗಿ ಪ್ರಯೋಗಶಾಲೆಯನ್ನು ತೆರೆದು ಅವನು ಮತ್ತೆ ಕೆಲಸಕ್ಕೆ ತೊಡಗಿದನು. ಸ್ವಲ್ಪ ಕಾಲದಲ್ಲಿಯೇ ಕಾಖ್ ಅವನನ್ನು ತನ್ನ ಹೊಸ ಸಂಸ್ಥೆಗೆ ಬರಮಾಡಿಕೊಂಡನು.

ಅಲ್ಲಿಂದ ಮುಂದಿನ ಎರ್ಲಿಕ್‌ನ ಬಾಳು ನಿರಂತರ ದುಡಿಮೆಯ ಕಥೆ. ಎಮಿಲ್ ಬೇರಿಂಗ್ ಕಂಡುಹಿಡಿದ ಡಿಫ್ತೀರಿಯಾ ರೋಗದ ಪ್ರತಿವಿಷದಲ್ಲಿ ಎಷ್ಟು ಶಕ್ತಿಯಿದೆಯೆಂದು ಅಳೆಯುವ ಕ್ರಮವನ್ನು ಅವನು ರೂಪಿಸಿದನು. ಅದರಿಂದ ಅಸಂಖ್ಯ ಮಕ್ಕಳಿಗೆ ನಂಬತಕ್ಕ ಔಷಧಿ ದೊರೆಯಿತು. 1899ರಲ್ಲಿ ಅವನ ಸಂಸ್ಥೆ ಫ್ರಾಂಕ್‌ಫರ್ಟ್ ನಗರಕ್ಕೆ ಹೋಯಿತು. ಜೇಬಿನಲ್ಲಿ ಬಣ್ಣದ ಪೆನ್ಸಿಲುಗಳು, ಕೋಣೆಯ ತುಂಬ ಪುಸ್ತಕಗಳ ರಾಶಿ, ಸಹಾಯಕರಿಗೆ ದಿನವೂ ಕೆಲಸವನ್ನು ಗೊತ್ತುಪಡಿಸುವ ಬಣ್ಣದ ಚೀಟಿಗಳು ಇವು ಅವನ ಗುರುತಾಗಿದ್ದವು.

1908ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವನ್ನು ಎರ್ಲಿಕ್‌ನಿಗೂ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಮೆಚ್ನಿಕಾಫ್‌ನಿಗೂ ಹಂಚಿಕೊಟ್ಟರು. ದೇಹವನ್ನು ಹೊಕ್ಕ ರೋಗಾಣುಗಳನ್ನು ನುಂಗಿಹಾಕುವ ಭಕ್ಷಕ ಕೋಶಗಳನ್ನು ಮೆಚ್ನಿಕಾಫ್ ಕಂಡುಹಿಡಿದಿದ್ದನು. ರಕ್ತದ ದ್ರವದಲ್ಲಿರುವ ವಸ್ತುಗಳೇ ದೇಹವನ್ನು ಕಾಯುತ್ತವೆಂದು ಎರ್ಲಿಕ್ ಹೇಳಿದರೆ, ಕೋಶಗಳೇ ಕಾಯುತ್ತವೆಂದು ಮೆಚ್ನಿಕಾಫ್ ವಾದಿಸುತ್ತಿದ್ದನು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತೆಂದು ಕಾಲವು ತೋರಿಸಿತು.

ರೋಗಾಣುವನ್ನು ಆರಿಸಿ ಹಿಡಿಯುವ ಬಣ್ಣವಿದ್ದರೆ, ರೋಗಾಣುವನ್ನು ಆರಿಸಿ ಕೊಲ್ಲುವ ಔಷಧಿಯೂ ಏಕಿರಬಾರದು? ಈ ಯೋಚನೆಯ ಬೆನ್ನು ಹತ್ತಿ ಎರ್ಲಿಕ್ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಿದನು. ಅವುಗಳಲ್ಲಿ ಶಂಖಪಾಷಾಣದ ಮೂಲಧಾತುವಾದ ಆರ್ಸೆನಿಕ್ ಸೇರಿದ, 606 ಎಂಬ ಸಂಖ್ಯೆಯ ಒಂದು ಸಂಯುಕ್ತವಿತ್ತು. ಅದು ನಿಷ್ಪ್ರಯೋಜಕವೆಂದು ಮೊದಲು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನ ಸಹಾಚಿರೊ ಹಾಟ ಅದನ್ನು ಮತ್ತೊಮ್ಮೆ ಜಾಗರೂಕತೆಯಿಂದ ಪರೀಕ್ಷಿಸಿದನು. ಸಿಫಿಲಿಸ್ ಎಂಬ ಭಯಂಕರ ರೋಗದ ಸೂಕ್ಷ್ಮಾಣುವನ್ನು ಅದು ಕೊಲ್ಲುವುದು ಕಂಡುಬಂದಿತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಿಂದ ಆ ಔಷಧಿ ಹೊರಬಂದಿತು. 1912ರಲ್ಲಿ ಅದಕ್ಕಿಂತ ಬಳಸಲು ಸುಲಭವಾದ ಇನ್ನೊಂದು ರೂಪ ಬಂದಿತು. ಹೊಗಳಿಕೆಯೊಡನೆ ಕಟುವಾದ ಟೀಕೆಗಳೂ ಬಂದವು. ಎಡೆಬಿಡದ ದುಡಿಮೆಯಿಂದ ದಣಿದಿದ್ದ ಎರ್ಲಿಕ್ 1915ನೆಯ ಇಸವಿ ಆಗಸ್ಟ್ 20ರಂದು ಬಾಡ್ ಹೋಂಬುರ್ಗ್ ಎಂಬಲ್ಲಿ ತೀರಿಕೊಂಡನು. ಮುಂದೆ ನಾಜಿಗಳ ಆಳ್ವಿಕೆಯಲ್ಲಿ ಯೆಹೂದ್ಯನೆಂಬ ಕಾರಣದಿಂದ ಅವನ ಹೆಸರಿನ ಬೀದಿಯ ಫಲಕವನ್ನು ಸಹ ಕಿತ್ತುಹಾಕಿದರು; ಅವನ ಪತ್ನಿ ದೇಶವನ್ನೇ ಬಿಟ್ಟುಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಆ ಹೆಸರಿಗೆ ಮತ್ತೆ ಗೌರವ ದೊರೆಯಿತು.

ಎರ್ಲಿಕ್ ತೋರಿಸಿದ ದಾರಿ ನಮ್ಮ ನಾಡಿಗೂ ಬಂದು ತಲುಪಿತು. ಕರ್ನಾಟಕದ ಗಡಿಗೆ ಸಮೀಪದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬಲ್ಲಿ ಒಂದು ಕ್ಷಯರೋಗಿಗಳ ಆಸ್ಪತ್ರೆಯಿತ್ತು. ಅಲ್ಲಿಗೆ ಬಂದ ಕೆಲವು ರೋಗಿಗಳಿಗೆ ಕೆಮ್ಮು, ಉಬ್ಬಸ, ಜ್ವರಗಳಿದ್ದವು. ಕ್ಷಕಿರಣದ ಚಿತ್ರದಲ್ಲಿ ಕ್ಷಯದಂತೆಯೇ ನೆರಳುಗಳಿದ್ದವು. ಆದರೆ ಕಫದಲ್ಲಿ ಕ್ಷಯಾಣು ಸಿಕ್ಕಲಿಲ್ಲ. ರಕ್ತವನ್ನು ಪರೀಕ್ಷಿಸಿದಾಗ ಎರ್ಲಿಕ್ ಹೆಸರಿಟ್ಟ ಇಯೋಸಿನೊಫಿಲ್‌ಗಳು ಮಿತಿಮೀರಿ ಹೆಚ್ಚಿರುವುದು ಕಂಡಿತು. ಫ್ರಿಮೊಟ್ ಮುಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು 1940ರಲ್ಲಿ ಇದನ್ನು ಕ್ಷಯವನ್ನು ಹೋಲುವ ಬೇರೊಂದು ಸ್ಥಿತಿಯೆಂದು ವರ್ಣಿಸಿದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯನು ಅದಕ್ಕೆ ಉಷ್ಣವಲಯದ ಇಯೋಸಿನೊಫಿಲಿಯ ಎಂದು ಹೆಸರಿಟ್ಟನು. ಅವನು ರೋಗಿಗಳಿಗೆ ಕೊಟ್ಟ ಔಷಧಿ 1912ರಲ್ಲಿ ಬಂದ ಎರ್ಲಿಕ್‌ನ ಆರ್ಸೆನಿಕ್ ಸಂಯುಕ್ತವೇ! ರೋಗದ ಗುರುತನ್ನೂ ಅದರ ಮೊದಲ ಮದ್ದನ್ನೂ ಎರ್ಲಿಕ್ ತಾನರಿಯದೆ ಬಿಟ್ಟುಹೋಗಿದ್ದನು. ಫೈಲೇರಿಯ ಜಾತಿಯ ಹುಳುಗಳಿಗೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯೇ ಈ ರೋಗವೆಂದು ಬಳಿಕ ತಿಳಿಯಿತು. ಆರ್ಸೆನಿಕ್ಕಿನ ಬದಲು ಆ ಹುಳುಗಳನ್ನು ನಾಶಮಾಡುವ, ಅಪಾಯ ಕಡಿಮೆಯಾದ ಮಾತ್ರೆಗಳು ಬಳಕೆಗೆ ಬಂದವು. ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಲಗಬೇಕಾಗಿದ್ದವರು ಕೆಲವೇ ವಾರಗಳಲ್ಲಿ ಎದ್ದು ಓಡಾಡುವಂತಾಯಿತು.

ನಿಜವಾದ ಕ್ಷಯರೋಗಿಯನ್ನು ಗುರುತಿಸದೆ ಬಿಡುವುದೂ ಅಷ್ಟೇ ಅಪಾಯಕರ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಆ ಸಂಸ್ಥೆಯವರು ಚಿತ್ರದುರ್ಗದ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯದ ಲಕ್ಷಣಗಳಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಆದರೆ ಕೆಮ್ಮಿನ ಔಷಧಿಯನ್ನಷ್ಟೇ ಪಡೆದು ಹಿಂದಿರುಗಿದ್ದರು. ಕೆಮ್ಮಿನಿಂದ ಬಳಲಿ ಬಂದವನ ಕಫವನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಪರೀಕ್ಷಿಸಬೇಕೆಂಬ ನೀತಿ ದೇಶದಲ್ಲಿ ನೆಲೆಗೊಳ್ಳಲು ಇಂತಹ ಅಧ್ಯಯನಗಳು ನೆರವಾದವು.

ಕಫವು ಶ್ವಾಸಕೋಶದ ಆಳದ ಸಂಗತಿಯನ್ನೆಲ್ಲ ಹೇಳಲಾರದು. ಜಪಾನಿನ ಶಿಗೆಟೊ ಇಕೆಡ 1960ರ ದಶಕದಲ್ಲಿ ಬಾಗುವ ತೆಳ್ಳನೆಯ ಬ್ರಾಂಕೊಸ್ಕೋಪ್ ನಳಿಕೆಯನ್ನು ರೂಪಿಸಿದ ಮೇಲೆ ಆ ಆಳವನ್ನೂ ತಲುಪುವುದು ಸುಲಭವಾಯಿತು. ನಳಿಕೆಯನ್ನು ಶ್ವಾಸನಾಳದೊಳಕ್ಕೆ ಇಳಿಸಿ, ಶುದ್ಧವಾದ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು, ಮತ್ತೆ ಹೀರಿ ತೆಗೆಯುತ್ತಾರೆ. ಒಟ್ಟು 100ರಿಂದ 300 ಮಿಲಿಲೀಟರಿನಷ್ಟು ನೀರು ಸಾಕು. ಶ್ವಾಸಕೋಶದ ಗಾಳಿಗೂಡುಗಳನ್ನು ತೊಳೆದು ಬಂದ ಆ ನೀರಿನಲ್ಲಿರುವ ಕೋಶಗಳಿಗೆ ಬಣ್ಣ ಹಾಕಿ ಎಣಿಸುತ್ತಾರೆ. ಧೂಮಪಾನ ಮಾಡದ ಆರೋಗ್ಯವಂತನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕೋಶಗಳು ಮೆಚ್ನಿಕಾಫ್‌ನ ಭಕ್ಷಕ ಕೋಶಗಳು. ಇಯೋಸಿನೊಫಿಲ್ ನೂರಕ್ಕೆ ಒಂದೂ ಇರುವುದಿಲ್ಲ. ನ್ಯೂಟ್ರೊಫಿಲ್ ಬಹಳವಾಗಿ ಹೆಚ್ಚಿದ್ದರೆ ಸೋಂಕನ್ನು ಶಂಕಿಸಬೇಕು. ಬೂಷ್ಟಿನ ಕಣಗಳಿಂದ ಬಳಲುವ ರೈತನಲ್ಲಿ ಲಿಂಫೊಸೈಟ್ ಎಂಬ ಕೋಶಗಳು ಹೆಚ್ಚುತ್ತವೆ. ಧೂಳಿನಲ್ಲಿ ದುಡಿದವನ ಭಕ್ಷಕ ಕೋಶಗಳೊಳಗೆ ಆ ಧೂಳಿನ ಕಣಗಳೇ ಕಾಣಬಹುದು. ಮದ್ರಾಸಿನ ಕ್ಷಯರೋಗ ಸಂಶೋಧನ ಕೇಂದ್ರದ ವೈದ್ಯರೂ ಅಮೆರಿಕದ ವಿಜ್ಞಾನಿಗಳೂ ಸೇರಿ ಉಷ್ಣವಲಯದ ಇಯೋಸಿನೊಫಿಲಿಯ ರೋಗಿಗಳ ಶ್ವಾಸಕೋಶದ ತೊಳೆನೀರನ್ನು ಪರೀಕ್ಷಿಸಿ 1987ರಲ್ಲಿ ವರದಿ ಮಾಡಿದರು. ಅದರಲ್ಲಿದ್ದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಇಯೋಸಿನೊಫಿಲ್‌ಗಳೇ ಆಗಿದ್ದವು. ಮಾತ್ರೆ ಕೊಟ್ಟ ಮೇಲೆ ಅವು ಬೇಗನೆ ಇಳಿದುಹೋದವು.

ಈ ಎಣಿಕೆಯೊಂದೇ ರೋಗವನ್ನು ತೀರ್ಮಾನಿಸುವುದಿಲ್ಲ. ರೋಗಿ ಎಲ್ಲಿ ದುಡಿಯುತ್ತಾನೆ, ಯಾವ ಧೂಳಿನಲ್ಲಿ ಉಸಿರಾಡುತ್ತಾನೆ, ಕ್ಷಕಿರಣದ ಚಿತ್ರ ಏನನ್ನು ತೋರಿಸುತ್ತದೆ ಎಂಬುದನ್ನೆಲ್ಲ ಕೂಡಿಸಿ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಕ್ಷಯಾಣುವನ್ನು ಇನ್ನೂ ಬೇಗ, ಇನ್ನೂ ಖಚಿತವಾಗಿ ಗುರುತಿಸುವ ಹೊಸ ಯಂತ್ರಗಳೂ ಇಂದು ಬಂದಿವೆ. ಆದರೂ ಮದ್ದು ಕೊಡುವ ಮೊದಲು ರೋಗದ ಗುರುತನ್ನು ಹಿಡಿಯಬೇಕೆಂಬ ನಿಯಮ ಬದಲಾಗಿಲ್ಲ. ಎರ್ಲಿಕ್ ಆ ನಿಯಮವನ್ನು ಪರರಿಗೆ ಮಾತ್ರ ಹೇಳಲಿಲ್ಲ. ತನಗೆ ಕೆಮ್ಮು ಬಂದಾಗ ಅಂಜಿ ಸುಮ್ಮನಾಗದೆ ತನ್ನ ಕಫವನ್ನು ತಾನೇ ಪರೀಕ್ಷಿಸಿಕೊಂಡನು. ಆ ದಿನ ಸತ್ಯವನ್ನು ಕಂಡ ಮೇಲೆ ಅವನು ಮತ್ತೆ ಇಪ್ಪತ್ತೇಳು ವರ್ಷ ಬದುಕಿ ಜಗತ್ತಿಗೆ ಉಪಕಾರಿಯಾದನು. ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಎರಡು ವಾರ ದಾಟಿದ ಕೆಮ್ಮನ್ನು ಮರೆಮಾಚದೆ ಆಸ್ಪತ್ರೆಗೆ ಹೋಗಿ ಕಫವನ್ನು ಪರೀಕ್ಷೆಗೆ ಕೊಡುವವನು ಎರ್ಲಿಕ್ ನಡೆದ ದಾರಿಯಲ್ಲಿಯೇ ನಡೆಯುತ್ತಾನೆ.